ಹುಳಿ ಎಲ್ಲಿದೆ?

ಆಲೂಗೆಡ್ಡೆ ಬಿತ್ತನೆಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಎಂದು ಹಾಸನ ಜಿಲ್ಲೆಯ ರೈತರಿಗೆ ಕೃಷಿ ಇಲಾಖೆ ಹೇಳುತ್ತಲೇ ಇರುತ್ತದೆ. ಮಾದರಿ ತೆಗೆಯಲು ಒಂದು ಕ್ರಮವಿದೆ. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತಾರು ಕಡೆ ಕಸಕಡ್ಡಿ ಸರಿಸಿ, ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ 15 ಸೆಂಟಿಮೀಟರ್ ಆಳದ ಗುಣಿ ತೋಡಬೇಕು. ಗುಣಿಯ ಗೋಡೆಯಿಂದ ಒಂದು ಪದರ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೂ ಕೆರೆದು ಬುಟ್ಟಿಗೆ ಹಾಕಿಕೊಳ್ಳಬೇಕು. ಎಲ್ಲವನ್ನೂ ಕಲಸಿ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಚೆಲ್ಲಬೇಕು. ಅರ್ಧ ಕೆಜಿ ಉಳಿಯುವವರೆಗೂ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ, ರೈತ ಸಂಪರ್ಕ ಕೇಂದ್ರಕ್ಕೆ ಕೊಡಬೇಕು. ಪ್ರಯೋಗಾಲಯದವರು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ, ಕದಡಿ, ಗಾಜಿನ ಎಲೆಕ್ಟ್ರೋಡನ್ನು ಅದ್ದಿ ಅಂಕಿ ಓದುತ್ತಾರೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಒಂದಾದ ರಸಸಾರ ಸಿಗುವುದು ಹೀಗೆ.

ರಸಸಾರವೆಂದರೆ ಪಿಎಚ್. ದ್ರವದಲ್ಲಿ ಹೈಡ್ರೋಜನ್ ಅಯಾನುಗಳು, ಅಂದರೆ ಪ್ರೋಟಾನುಗಳು, ಎಷ್ಟಿವೆ ಎಂಬುದರ ಅಳತೆ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಸೊರೆನ್‌ಸೆನ್ 1909ರಲ್ಲಿ ಈ ಮಾಪಕವನ್ನು ರೂಪಿಸಿದರು. 7 ಎಂದರೆ ತಟಸ್ಥ. ಅದಕ್ಕಿಂತ ಕೆಳಗಿಳಿದರೆ ಹುಳಿ, ಮೇಲೇರಿದರೆ ಕ್ಷಾರ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸವಿದೆ. ರಸಸಾರ 5 ಇರುವ ಮಣ್ಣಿನಲ್ಲಿ 7 ಇರುವ ಮಣ್ಣಿಗಿಂತ ನೂರು ಪಟ್ಟು ಹೆಚ್ಚು ಹೈಡ್ರೋಜನ್ ಅಯಾನುಗಳಿರುತ್ತವೆ.

ಹಾಸನ ಜಿಲ್ಲೆಯಲ್ಲಿ ಈ ವ್ಯತ್ಯಾಸವನ್ನು ಪ್ರಯಾಣ ಮಾಡಿಯೇ ಅರಿಯಬಹುದು. ಮಲೆನಾಡಿನ ಕಡೆ ಜಡಿಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದುಕೊಂಡು ಹೋಗುವುದರಿಂದ ಅಲ್ಲಿನ ನೆಲ ಹುಳಿ. ಅರೆಮಲೆನಾಡಿನ ಅರಕಲಗೂಡು, ಹೇಮಾವತಿ ದಂಡೆಯ ಹೊಳೆನರಸೀಪುರ ದಾಟಿ ಚನ್ನರಾಯಪಟ್ಟಣದ ತೆಂಗಿನ ಸೀಮೆಗೆ ಬಂದಂತೆ ಮಳೆ ಕಡಿಮೆಯಾಗುತ್ತದೆ, ಅದರೊಂದಿಗೆ ಮಣ್ಣಿನ ಹುಳಿಯೂ ಸಾಮಾನ್ಯವಾಗಿ ತಗ್ಗುತ್ತದೆ. ಯಾವ ಹೊಲಕ್ಕೆ ಸುಣ್ಣ ಹಾಕಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸಲು ಕಾರ್ಡಿನ ಅಂಕಿ ಬೇಕೇ ಬೇಕು. ರಸಸಾರ 5.2ಕ್ಕಿಂತ ಕೆಳಗಿದ್ದರೆ ಆಲೂಗೆಡ್ಡೆಯ ಸಿಪ್ಪೆಯನ್ನು ಒರಟಾಗಿಸುವ ಕಜ್ಜಿ ರೋಗ ಅಷ್ಟಾಗಿ ತಲೆಯೆತ್ತುವುದಿಲ್ಲ. ಅದಕ್ಕಿಂತಲೂ ತೀರ ಹುಳಿಯಾದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಸುಡುತ್ತದೆ. ದಶಮಾಂಶದ ಒಂದೊಂದು ಅಂಕಿಯೂ ಬೆಳೆಗೆ ಲೆಕ್ಕಕ್ಕೆ ಬರುತ್ತದೆ.

ಆದರೆ ಮಾದರಿ ತೆಗೆಯುವಾಗ ನಾವು ಮಣ್ಣನ್ನು ಕಲಸಿಬಿಟ್ಟಿರುತ್ತೇವೆ. ಬದುವಿನ ಹತ್ತಿರ ಎಷ್ಟು ಹುಳಿಯಿತ್ತು, ತಗ್ಗಿನಲ್ಲಿ ಎಷ್ಟಿತ್ತು, ಬೇರಿನ ತುದಿಗೆ ಅಂಟಿದ ಮಣ್ಣಿನಲ್ಲಿ ಎಷ್ಟಿತ್ತು ಎಂಬುದು ಬುಟ್ಟಿಯಲ್ಲೇ ಅಳಿಸಿಹೋಯಿತು. ಹೊಲಕ್ಕೆ ಸರಾಸರಿ ಸಾಕು. ಜೀವಕ್ಕೆ ಸಾಲದು. ಜೀವಿಗಳ ದೇಹದಲ್ಲಿ ಹುಳಿ ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದೇ ದೊಡ್ಡ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಬೇಕಾದರೆ ಅಂಗಾಂಶವನ್ನು ಅರೆಯದೆ, ಕಲಸದೆ, ಕೊಲ್ಲದೆ, ಇದ್ದಲ್ಲೇ ನೋಡಬೇಕು. ಈ ಅಧ್ಯಾಯ ಹಾಗೆ ನೋಡಲು ಕಲಿತವರ ಕಥೆ. ಅದರ ಒಂದು ಮುಖ್ಯ ಘಟ್ಟ ನಡೆದದ್ದು ನಮ್ಮ ಬೆಂಗಳೂರಿನಲ್ಲೇ.

ಒಂದು ಕೋಶ, ಹಲವು ಹುಳಿ

ನಮ್ಮ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುತ್ತದೆ. ಸ್ವಲ್ಪ ಆಚೀಚೆಯಾದರೂ ಆಸ್ಪತ್ರೆಯ ತುರ್ತು ಘಟಕಕ್ಕೆ ಹೋಗಬೇಕಾಗುತ್ತದೆ. ಅದೇ ದೇಹದ ಜಠರದಲ್ಲಿ ಪಿಎಚ್ ಎರಡಕ್ಕಿಂತಲೂ ಕೆಳಗಿಳಿಯಬಲ್ಲದು. ಅಂದರೆ ಕೆಲವೇ ಮಿಲಿಮೀಟರ್ ಅಂತರದಲ್ಲಿ ಲಕ್ಷ ಪಟ್ಟಿಗೂ ಹೆಚ್ಚಿನ ವ್ಯತ್ಯಾಸವನ್ನು ದೇಹ ಕಾಪಾಡಿಕೊಂಡು ಬರುತ್ತದೆ.

ಒಂದೇ ಒಂದು ಜೀವಕೋಶದೊಳಗೆ ಇಣುಕಿದರೂ ಇದೇ ವೈವಿಧ್ಯ. ಕೋಶರಸದ ಪಿಎಚ್ ಸುಮಾರು 7.2. ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಒಳಭಾಗ 8ರ ಹತ್ತಿರ. ಹೊರಗಿನಿಂದ ವಸ್ತುಗಳನ್ನು ಒಳಗೆ ತರುವ ಎಂಡೋಸೋಮ್ ಎಂಬ ಚೀಲಗಳು ಮೊದಲು 6ರ ಆಸುಪಾಸಿನಲ್ಲಿದ್ದು, ಒಳಗೆ ಸಾಗಿದಂತೆ ಇನ್ನಷ್ಟು ಹುಳಿಯಾಗುತ್ತವೆ. ಬೇಡವಾದದ್ದನ್ನು ಅರಗಿಸುವ ಲೈಸೋಸೋಮ್‌ಗಳ ಪಿಎಚ್ 4.5ರಿಂದ 5. ಅಲ್ಲಿನ ಕಿಣ್ವಗಳು ಈ ಹುಳಿಯಲ್ಲೇ ಚುರುಕಾಗಿ ಕೆಲಸ ಮಾಡುತ್ತವೆ. ಅಕಸ್ಮಾತ್ ಚೀಲ ಒಡೆದು ಕಿಣ್ವ ಹೊರಗೆ ಸೋರಿದರೂ ತಟಸ್ಥವಾದ ಕೋಶರಸದಲ್ಲಿ ಅದರ ಬಿರುಸು ಇಳಿಯುತ್ತದೆ. ಕೋಶದ ಸುರಕ್ಷತೆಯ ಏರ್ಪಾಡು ನಿಂತಿರುವುದೇ ಹುಳಿ ಇರಬೇಕಾದ ಕಡೆ ಇರುವುದರ ಮೇಲೆ.

ಕೋಶಗಳನ್ನು ಅರೆದು ಎಲೆಕ್ಟ್ರೋಡ್ ಅದ್ದಿದರೆ ಈ ಮನೆಗಳೆಲ್ಲ ಬೆರೆತು ಒಂದೇ ಅಂಕಿ ಸಿಗುತ್ತದೆ. ಅದರಿಂದ ಕೋಶದ ಬದುಕಿನ ಬಗ್ಗೆ ಏನೂ ತಿಳಿಯುವುದಿಲ್ಲ. ಎಲೆಕ್ಟ್ರೋಡನ್ನು ಸಣ್ಣದು ಮಾಡಿ ಒಳಗೆ ಚುಚ್ಚೋಣವೆಂದರೆ ಚೀಲಗಳು ಅದರ ಮೊನೆಗಿಂತಲೂ ಚಿಕ್ಕವು. 0.2 ಮೈಕ್ರೋಮೀಟರ್ ಅಗಲದ ಒಂದು ದುಂಡು ಎಂಡೋಸೋಮನ್ನೇ ತೆಗೆದುಕೊಳ್ಳಿ. ಅದರ ಪಿಎಚ್ 6 ಆಗಿದ್ದರೆ, ಲೆಕ್ಕ ಹಾಕಿ ನೋಡಿ, ಅದರೊಳಗೆ ಯಾವುದೇ ಕ್ಷಣದಲ್ಲಿ ಬಿಡಿಯಾಗಿ ಓಡಾಡುವ ಹೈಡ್ರೋಜನ್ ಅಯಾನುಗಳು ಸರಾಸರಿ ಎರಡೋ ಮೂರೋ ಮಾತ್ರ! ಉಳಿದವೆಲ್ಲ ಪ್ರೋಟೀನುಗಳಿಗೆ ಅಂಟಿಕೊಂಡು, ಆಗಾಗ ಬಿಟ್ಟು, ಮತ್ತೆ ಅಂಟಿಕೊಳ್ಳುತ್ತಿರುತ್ತವೆ. ಇಷ್ಟು ಸೂಕ್ಷ್ಮವಾದದ್ದನ್ನು ತಿಳಿಸಲು ಅಣುವಿನಷ್ಟೇ ಚಿಕ್ಕದಾದ ವರದಿಗಾರ ಬೇಕು. ಆ ವರದಿಗಾರ ಒಳಗೆ ಹೋಗಿ ಕೂತು ಹೊರಗಿರುವ ನಮಗೆ ಬೆಳಕಿನಲ್ಲಿ ಸುದ್ದಿ ಕಳಿಸಬೇಕು.

ಬಣ್ಣದಿಂದ ಬೆಳಕಿಗೆ

ಹುಳಿಗೂ ಕ್ಷಾರಕ್ಕೂ ಬಣ್ಣ ಬದಲಿಸುವ ವಸ್ತು ನಮ್ಮ ಅಡುಗೆಮನೆಯಲ್ಲೇ ಇದೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪಗಿನ ಆರತಿ ನೀರು ಮಾಡುವುದನ್ನು ನೋಡದವರಿಲ್ಲ. ಬಟ್ಟೆಗೆ ಬಿದ್ದ ಸಾರಿನ ಕಲೆ ಸೋಪು ತಾಗಿದೊಡನೆ ಕೆಂಪಾಗುವುದೂ ಇದೇ ಕಾರಣಕ್ಕೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಅಣು ಕ್ಷಾರದಲ್ಲಿ ತನ್ನ ಪ್ರೋಟಾನನ್ನು ಬಿಟ್ಟುಕೊಡುತ್ತದೆ. ಆಗ ಅದು ಬೆಳಕನ್ನು ಹೀರಿಕೊಳ್ಳುವ ರೀತಿಯೇ ಬದಲಾಗುತ್ತದೆ.

19ನೇ ಶತಮಾನದ ಕೊನೆಯಲ್ಲಿ ಇಲ್ಯಾ ಮೆಚ್ನಿಕಾಫ್ ಜೀವಂತ ಕೋಶಗಳ ಮೇಲೆ ಇಂಥದೇ ಪ್ರಯೋಗ ನಡೆಸಿದರು. ನೀಲಿ ಲಿಟ್ಮಸ್ಸಿನ ಕಣಗಳನ್ನು ಕೋಶಗಳು ನುಂಗುವಂತೆ ಮಾಡಿದಾಗ, ಒಳಗೆ ಹೋದ ಕಣಗಳು ಕೆಂಪಾದವು. ಕೋಶದ ಹೊಟ್ಟೆಯಲ್ಲೂ ಹುಳಿ ಇದೆಯೆಂದು ಕಣ್ಣಾರೆ ಕಂಡಿತು. ಆದರೆ ಹಗಲು ಬೆಳಕಿನಲ್ಲಿ ಬಣ್ಣ ನೋಡಬೇಕಾದರೆ ಅದು ದಟ್ಟವಾಗಿರಬೇಕು. ನಾಲ್ಕಾರು ಅಣುಗಳ ಬಣ್ಣ ಯಾವ ಸೂಕ್ಷ್ಮದರ್ಶಕಕ್ಕೂ ಕಾಣದು.

ಅದಕ್ಕೆ ಪರಿಹಾರ ಪ್ರತಿದೀಪ್ತಿ. ಕೆಲವು ಅಣುಗಳು ಒಂದು ಬಣ್ಣದ ಬೆಳಕನ್ನು ಹೀರಿ, ಕ್ಷಣಮಾತ್ರದಲ್ಲಿ ಅದಕ್ಕಿಂತ ಕಡಿಮೆ ಶಕ್ತಿಯ ಇನ್ನೊಂದು ಬಣ್ಣದ ಬೆಳಕನ್ನು ಹೊರಚೆಲ್ಲುತ್ತವೆ. ಇದನ್ನೂ ಅರಿಶಿನದಲ್ಲೇ ನೋಡಬಹುದು. ಗಾಜಿನ ಲೋಟದಲ್ಲಿ ಸ್ವಲ್ಪ ಸ್ಪಿರಿಟ್ ಹಾಕಿ ಚಿಟಿಕೆ ಅರಿಶಿನ ಕಲಸಿ, ಪುಡಿ ತಳಕ್ಕಿಳಿಯಲು ಬಿಡಿ. ಕೋಣೆ ಕತ್ತಲೆ ಮಾಡಿ, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಲೋಟದ ಪಕ್ಕದಿಂದ ಹಿಡಿಯಿರಿ. ಟಾರ್ಚಿನಿಂದ ಬರುವುದು ಮಂಕಾದ ನೇರಳೆ ಬೆಳಕು. ಲೋಟದೊಳಗೆ ಅದು ಹಾದ ದಾರಿ ಮಾತ್ರ ಹಳದಿ ಹಸಿರಾಗಿ ಝಗ್ಗನೆ ಹೊಳೆಯುತ್ತದೆ. ಈಗ ಒಂದಿಷ್ಟು ಸುಣ್ಣದ ತಿಳಿ ಬಿಡಿ. ದ್ರವ ಕೆಂಪಾಗುತ್ತದೆ, ಹೊಳಪೂ ಮೊದಲಿನಂತೆ ಉಳಿಯುವುದಿಲ್ಲ. ಹುಳಿ ಕ್ಷಾರಗಳ ಸುದ್ದಿಯನ್ನು ಬೆಳಕಿನಲ್ಲಿ ಹೇಳುವ ಅಣುವನ್ನು ನೀವು ನೋಡಿದಂತಾಯಿತು. ಪ್ರತಿದೀಪ್ತಿಯಲ್ಲಿ ಹಿನ್ನೆಲೆ ಕತ್ತಲಾಗಿರುವುದರಿಂದ ಕೆಲವೇ ಅಣುಗಳ ಬೆಳಕೂ ಎದ್ದು ಕಾಣುತ್ತದೆ.

ಅರಿಶಿನದ ಬಣ್ಣ ಬದಲಾಗುವುದು ಪಿಎಚ್ 7.4ರಿಂದ 8.6ರ ನಡುವೆ. ನಿಂಬೆರಸಕ್ಕೂ ಮಜ್ಜಿಗೆಗೂ ಅದು ಒಂದೇ ಹಳದಿ. ಪ್ರತಿಯೊಂದು ಸೂಚಕಕ್ಕೂ ಹೀಗೆ ತನ್ನದೇ ಎಲ್ಲೆಯಿದೆ. ಯಾವ ಪಿಎಚ್‌ನಲ್ಲಿ ಅದರ ಅರ್ಧದಷ್ಟು ಅಣುಗಳು ಪ್ರೋಟಾನ್ ಹಿಡಿದಿರುತ್ತವೆಯೋ ಅದರ ಆಚೀಚೆ ಸುಮಾರು ಒಂದು ಮೆಟ್ಟಿಲಿನಷ್ಟರಲ್ಲಿ ಅದು ಅತಿ ನಂಬಿಕಸ್ಥ. ಫ್ಲೋರೆಸೀನ್ ಎಂಬ ಬಣ್ಣಕ್ಕೆ ಆ ಬಿಂದು ಸುಮಾರು 6.4. ಹಾಗಾಗಿ ಕೋಶದೊಳಗಿನ ಚೀಲಗಳಿಗೆ ಅದು ಹೊಂದುತ್ತದೆ. 1978ರಲ್ಲಿ ಒಕುಮ ಮತ್ತು ಪೂಲ್ ಎಂಬ ವಿಜ್ಞಾನಿಗಳು ಫ್ಲೋರೆಸೀನನ್ನು ಡೆಕ್ಸ್‌ಟ್ರಾನ್ ಎಂಬ ಸಕ್ಕರೆಯ ಸರಪಳಿಗೆ ಕಟ್ಟಿ, ಇಲಿಯ ರಕ್ಷಕ ಕೋಶಗಳಿಗೆ ಉಣಿಸಿ, ಲೈಸೋಸೋಮಿನ ಪಿಎಚ್ 4.8ರ ಆಸುಪಾಸು ಎಂದು ಅಳೆದರು. ಜೀವಂತ ಕೋಶದೊಳಗಿನ ಒಂದು ಚೀಲದ ಹುಳಿ ಮೊದಲ ಬಾರಿಗೆ ಖಚಿತ ಅಂಕಿಯಾಗಿ ಸಿಕ್ಕಿತು.

ಇಲ್ಲೊಂದು ತೊಡಕು. ಒಂದು ಜಾಗ ಹೆಚ್ಚು ಹೊಳೆಯುತ್ತಿದೆ ಎಂದರೆ ಅಲ್ಲಿ ಹುಳಿ ಕಡಿಮೆಯೆಂದೇ ಅರ್ಥವೇ? ಅಲ್ಲಿ ಬಣ್ಣವೇ ಹೆಚ್ಚು ಸೇರಿಕೊಂಡಿರಬಹುದು, ಅಂಗಾಂಶ ದಪ್ಪಗಿರಬಹುದು, ದೀಪವೇ ಪ್ರಖರವಾಗಿರಬಹುದು. ಈ ಗೊಂದಲ ಕಳೆಯಲು ಒಂದೇ ಜಾಗವನ್ನು ಎರಡು ಬಣ್ಣಗಳಲ್ಲಿ ಅಳೆಯುತ್ತಾರೆ. ಒಂದು ಬಣ್ಣದ ಹೊಳಪು ಹುಳಿಗೆ ಸ್ಪಂದಿಸುತ್ತದೆ, ಇನ್ನೊಂದರದು ಸ್ಪಂದಿಸುವುದಿಲ್ಲ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬಣ್ಣದ ಪ್ರಮಾಣ, ಅಂಗಾಂಶದ ದಪ್ಪ, ದೀಪದ ಪ್ರಖರತೆ ಎಲ್ಲ ಹೊಡೆದುಹೋಗಿ ಹುಳಿ ಮಾತ್ರ ಉಳಿಯುತ್ತದೆ. ರೋಜರ್ ತ್ಸಿಯೆನ್ ಮತ್ತು ಸಂಗಡಿಗರು 1982ರಲ್ಲಿ ಬಳಕೆಗೆ ತಂದ ಬಿಸಿಇಸಿಎಫ್ ಎಂಬ ಬಣ್ಣದಿಂದ ಕೋಶರಸದ ಪಿಎಚ್ ಅಳೆಯುವುದು ಪ್ರಪಂಚದಾದ್ಯಂತ ದಿನನಿತ್ಯದ ಕೆಲಸವಾಯಿತು.

ಆಮೇಲೆ ಬಂದದ್ದು ಜೆಲ್ಲಿ ಮೀನಿನ ಹಸಿರು ಪ್ರೋಟೀನು. ಅದನ್ನು ಕಂಡುಹಿಡಿದು ಬೆಳೆಸಿದ ಶಿಮೊಮುರ, ಚಾಲ್ಫಿ ಮತ್ತು ಇದೇ ತ್ಸಿಯೆನ್ ಅವರಿಗೆ 2008ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. 1998ರಲ್ಲಿ ಗೆರೋ ಮೀಸೆನ್‌ಬಕ್ ಮತ್ತು ಜೇಮ್ಸ್ ರಾತ್‌ಮನ್ ಅವರ ತಂಡ ಈ ಪ್ರೋಟೀನನ್ನು ತಿದ್ದಿ, ಹುಳಿಗೆ ಸ್ಪಂದಿಸುವ ‘ಪಿಎಚ್‌ಲುವೊರಿನ್’ ಮಾಡಿತು. ಇದರ ಜೀನನ್ನು ಸೇರಿಸಿದರೆ ಜೀವಿಯೇ ತನ್ನೊಳಗೆ ಸಂವೇದಕವನ್ನು ತಯಾರಿಸಿಕೊಳ್ಳುತ್ತದೆ, ಹೊರಗಿನಿಂದ ಬಣ್ಣ ಚುಚ್ಚಬೇಕಿಲ್ಲ.

ಬೆಂಗಳೂರಿನ ಡಿಎನ್‌ಎ ಯಂತ್ರ

ಹಾಸನದ ಕಾರೆಕೆರೆಯಲ್ಲಿರುವ ಕೃಷಿ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಕಾಲೇಜಾಗಿ ಬೆಳೆದದ್ದು. ಅದೇ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್, ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮುಗಿಸಿ, ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸಿ 2005ರಲ್ಲಿ ಇಲ್ಲಿಗೆ ಬಂದ ರಸಾಯನಶಾಸ್ತ್ರಜ್ಞೆ ಯಮುನಾ ಕೃಷ್ಣನ್ ಡಿಎನ್‌ಎಯನ್ನು ಬೇರೆಯೇ ಕಣ್ಣಿನಿಂದ ನೋಡಿದರು. ಡಿಎನ್‌ಎ ಎಂದರೆ ನಮಗೆಲ್ಲ ಆನುವಂಶಿಕತೆಯ ದಾಖಲೆ. ಅವರಿಗೆ ಅದು ಬೇಕಾದ ಆಕಾರಕ್ಕೆ ಜೋಡಿಸಬಹುದಾದ ಕಟ್ಟಡ ಸಾಮಗ್ರಿ.

ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೊಸಿನ್‌ಗೆ ಒಂದು ವಿಶೇಷ ಗುಣವಿದೆ. ಹುಳಿಯಲ್ಲಿ ಅದು ಒಂದು ಪ್ರೋಟಾನನ್ನು ಹಿಡಿದು ಇನ್ನೊಂದು ಸೈಟೊಸಿನ್ ಜೊತೆಗೇ ಜೋಡಿಯಾಗುತ್ತದೆ. ಸೈಟೊಸಿನ್ ಸಾಲಾಗಿರುವ ಎಳೆಗಳು ಹುಳಿಯಲ್ಲಿ ಹೀಗೆ ಹೆಣೆದುಕೊಂಡು ‘ಐ-ಮೋಟಿಫ್’ ಎಂಬ ನಾಲ್ಕೆಳೆಯ ಗಂಟಾಗುತ್ತವೆ ಎಂದು 1993ರಲ್ಲಿ ಫ್ರಾನ್ಸಿನಲ್ಲಿ ಪತ್ತೆಯಾಗಿತ್ತು. ಪ್ರೋಟಾನು ಸಿಕ್ಕರೆ ಗಂಟು, ಇಲ್ಲದಿದ್ದರೆ ಬಿಡಿ ಎಳೆ.

ಈ ಗುಣವನ್ನೇ ಹಿಡಿದು ಕೃಷ್ಣನ್ ತಂಡ ‘ಐ-ಸ್ವಿಚ್’ ಕಟ್ಟಿತು. ಮೂರು ಚಿಕ್ಕ ಡಿಎನ್‌ಎ ಎಳೆಗಳನ್ನು ಸೇರಿಸಿ, ನಡುವೆ ಬಾಗುವಂತೆ ಒಂದು ಕೀಲು ಬಿಟ್ಟು, ಎರಡು ತುದಿಗಳಿಗೆ ಸೈಟೊಸಿನ್ ಬಾಲಗಳನ್ನಿಟ್ಟರು. ತಟಸ್ಥ ದ್ರವದಲ್ಲಿ ಅದು ಚಾಚಿಕೊಂಡಿರುತ್ತದೆ. ಹುಳಿಯಲ್ಲಿ ಬಾಲಗಳು ಒಂದನ್ನೊಂದು ಹಿಡಿದು, ಯಂತ್ರ ಅಡಕತ್ತರಿಯಂತೆ ಮುಚ್ಚಿಕೊಳ್ಳುತ್ತದೆ. ಒಂದು ಬಾಲಕ್ಕೆ ಹಸಿರು, ಇನ್ನೊಂದಕ್ಕೆ ಕೆಂಪು ಹೊಳಪಿನ ಅಣುವನ್ನು ಕಟ್ಟಿರುತ್ತಾರೆ. ಅವು ಪರಸ್ಪರ ಸುಮಾರು 10 ನ್ಯಾನೊಮೀಟರಿನೊಳಗೆ ಬಂದರೆ ಹಸಿರು ಅಣು ತಾನು ಹೀರಿದ ಶಕ್ತಿಯನ್ನು ಬೆಳಕಾಗಿ ಚೆಲ್ಲದೆ ಕೆಂಪು ಅಣುವಿಗೆ ದಾಟಿಸುತ್ತದೆ. ಹೀಗಾಗಿ ತೆರೆದಾಗ ಹಸಿರು ಮುಂದು, ಮುಚ್ಚಿದಾಗ ಕೆಂಪು ಮುಂದು. ಎರಡರ ಅನುಪಾತ ನೋಡಿದರೆ ಪಿಎಚ್ ತಿಳಿಯುತ್ತದೆ. 5.5ರಿಂದ 6.8ರ ನಡುವೆ, ಅಂದರೆ ಎಂಡೋಸೋಮ್‌ಗಳ ವ್ಯಾಪ್ತಿಯಲ್ಲೇ, ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಕೋಶಗಳು ಹೊರಗಿನ ವಸ್ತುಗಳನ್ನು ಒಳಗೆ ಒಯ್ಯುವ ಬಗೆಯನ್ನು ಅದೇ ಕೇಂದ್ರದಲ್ಲಿ ಅಭ್ಯಾಸ ಮಾಡುತ್ತಿದ್ದ ಸತ್ಯಜಿತ್ ಮೇಯರ್ ಜೊತೆಗೂಡಿದರು. ಹಣ್ಣಿನ ನೊಣದ ರಕ್ತಕೋಶಗಳು ಐ-ಸ್ವಿಚ್ಚನ್ನು ನುಂಗಿದವು. ಚೀಲ ಒಳಗೆ ಸಾಗಿದಂತೆ ಹಂತಹಂತವಾಗಿ ಹುಳಿಯಾಗುವುದನ್ನು ತಂಡ ಪರದೆಯ ಮೇಲೆ ನೋಡಿ ಅಳೆಯಿತು. 2009ರಲ್ಲಿ ‘ನೇಚರ್ ನ್ಯಾನೊಟೆಕ್ನಾಲಜಿ’ಯಲ್ಲಿ ಇದು ಪ್ರಕಟವಾಯಿತು. ಡಿಎನ್‌ಎಯಿಂದ ಕಟ್ಟಿದ ಯಂತ್ರ ಪರೀಕ್ಷಾನಳಿಗೆಯ ಹೊರಗೂ, ಜೀವಂತ ಕೋಶದ ಗಡಿಬಿಡಿಯ ನಡುವೆಯೂ, ಕೆಟ್ಟುಹೋಗದೆ ಕೆಲಸ ಮಾಡಬಲ್ಲದೆಂದು ಆಗ ಸಾಬೀತಾಯಿತು.

ಮುಂದಿನ ಹೆಜ್ಜೆ ಇಡೀ ಜೀವಿ. ಸುನೈನಾ ಸುರಾನಾ, ಸಂಧ್ಯಾ ಕೌಶಿಕ ಮೊದಲಾದವರ ಜೊತೆ ಕೃಷ್ಣನ್ 2011ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಐ-ಸ್ವಿಚ್ಚನ್ನು ಒಂದು ಮಿಲಿಮೀಟರ್ ಉದ್ದದ ಪಾರದರ್ಶಕ ಹುಳು ಸೀನೊರ‍್ಹಾಬ್ಡೈಟಿಸ್ ಎಲೆಗನ್ಸ್‌ನ ಮೈಯೊಳಗೆ ಚುಚ್ಚಲಾಯಿತು. ಈ ಹುಳುವಿನಲ್ಲಿ ದೇಹದ್ರವವನ್ನು ಶುಚಿಯಾಗಿಡುವ ಆರು ಕೋಶಗಳಿವೆ. ಅವು ಆ ಡಿಎನ್‌ಎಯನ್ನು ಹೆಕ್ಕಿ ನುಂಗಿದವು. ಹುಳು ಬದುಕಿರುವಾಗಲೇ ಅದರ ಒಂದೊಂದು ಕೋಶದೊಳಗಿನ ಹುಳಿಯ ನಕ್ಷೆ ಸಿಕ್ಕಿತು. 2013ರಲ್ಲಿ ಒಂದೇ ಕೋಶದ ಎರಡು ಬೇರೆ ಬೇರೆ ಸಾಗಣೆ ದಾರಿಗಳನ್ನು ಎರಡು ಯಂತ್ರಗಳಿಂದ ಒಟ್ಟಿಗೆ ಅಳೆದರು. ಅದೇ ವರ್ಷ ಕೃಷ್ಣನ್ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. 2014ರಲ್ಲಿ ಅವರು ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. 2017ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಪಡೆದರು.

ನಕ್ಷೆ ತೋರಿಸಿದ್ದೇನು?

ಕ್ಷಯದ ಬ್ಯಾಕ್ಟೀರಿಯಾ ನಮ್ಮ ರಕ್ಷಕ ಕೋಶಗಳೊಳಗೇ ವರ್ಷಗಟ್ಟಲೆ ಅಡಗಿರುತ್ತದೆ. ಕೋಶ ಅದನ್ನು ನುಂಗಿದ ಮೇಲೆ ಚೀಲವನ್ನು ಹುಳಿಯಾಗಿಸಿ ಅರಗಿಸಿಬಿಡಬೇಕಿತ್ತು. ಹಾಗೇಕೆ ಆಗುವುದಿಲ್ಲ? ಚೀಲದ ಪಿಎಚ್ ಅಳೆದಾಗ ಅದು 6.4ರ ಆಸುಪಾಸಿನಲ್ಲೇ ನಿಂತಿರುವುದು ಕಂಡಿತು. ಹುಳಿ ತುಂಬುವ ಪ್ರೋಟಾನ್ ಪಂಪು ಚೀಲಕ್ಕೆ ಬಂದು ಸೇರದಂತೆ ಬ್ಯಾಕ್ಟೀರಿಯಾ ತಡೆಯುತ್ತದೆ ಎಂದು 1994ರಲ್ಲಿ ತಿಳಿಯಿತು. ಇಡೀ ಕೋಶದ ಸರಾಸರಿ ಪಿಎಚ್ ಅಳೆದಿದ್ದರೆ ಈ ಗುಟ್ಟು ಎಂದಿಗೂ ಹೊರಬರುತ್ತಿರಲಿಲ್ಲ.

ಮೂಳೆಯೂ ಹೀಗೆಯೇ. ನಮ್ಮ ಮೂಳೆಯನ್ನು ಕರಗಿಸುವ ಕೋಶಗಳು ಮೂಳೆಗೆ ಅಂಟಿಕೊಂಡು ಆ ಕಿರಿದಾದ ಸಂದಿಗೆ ಮಾತ್ರ ಆಮ್ಲ ಸುರಿಯುತ್ತವೆ. ಹುಳಿ ತಗುಲಿದಾಗ ಮಾತ್ರ ಬೆಳಗುವ, ಮೂಳೆಗೆ ಅಂಟಿಕೊಳ್ಳುವ ಸಂವೇದಕವನ್ನು ಬಳಸಿ, ಜೀವಂತ ಇಲಿಯ ಮೂಳೆಯೊಳಗೆ ಯಾವ ಕೋಶ ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತಿದೆ ಎಂಬುದನ್ನು ಜಪಾನಿನ ಒಸಾಕಾ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದರು. ಮೂಳೆ ಸವೆತದ ಔಷಧಿ ಎಲ್ಲಿ ಕೆಲಸ ಮಾಡುತ್ತಿದೆ ಎಂದು ನೋಡಲು ಇದೊಂದು ಕಿಟಕಿ.

ಗ್ಯಾಸ್ಟ್ರಿಕ್ ಎಂದು ನಾವು ನುಂಗುವ ಓಮೆಪ್ರಜೋಲ್ ಮಾತ್ರೆಯೂ ಹುಳಿಯ ವಿಳಾಸ ಹುಡುಕಿಕೊಂಡೇ ಹೋಗುತ್ತದೆ. ರಕ್ತದಲ್ಲಿ ಅದು ನಿಷ್ಕ್ರಿಯ. ಜಠರದ ಆಮ್ಲ ಒಸರುವ ಕೋಶಗಳ ಕಿರುನಾಲೆಗಳಲ್ಲಿ ಶೇಖರವಾಗಿ, ಅಲ್ಲಿನ ತೀವ್ರ ಹುಳಿಯಲ್ಲೇ ರೂಪ ಬದಲಿಸಿ, ಪಂಪನ್ನು ಕಟ್ಟಿಹಾಕುತ್ತದೆ. ಕ್ಯಾನ್ಸರ್ ಗಡ್ಡೆಗಳ ಸುತ್ತಲಿನ ಅಂಗಾಂಶ ಹಲವು ಸಲ 6.5ರಿಂದ 6.9ರಷ್ಟು ಹುಳಿಯಾಗಿರುತ್ತದೆ. ಆ ಹುಳಿಗೆ ಬೆಳಗುವ ಸಂವೇದಕಗಳಿಂದ ಶಸ್ತ್ರವೈದ್ಯರಿಗೆ ಗಡ್ಡೆಯ ಅಂಚು ತೋರಿಸುವ ಪ್ರಯತ್ನಗಳು ನಡೆದಿವೆ.

ಬೇರಿನ ವಿಷಯಕ್ಕೆ ಬಂದರೆ ಹಾಸನದ ರೈತರಿಗೆ ಇದು ನೇರವಾಗಿ ತಟ್ಟುವ ವಿಜ್ಞಾನ. ಚಪ್ಪಟೆ ಗಾಜಿನ ಪೆಟ್ಟಿಗೆಯಲ್ಲಿ ಮಣ್ಣು ತುಂಬಿ ಗಿಡ ಬೆಳೆಸಿ, ಗಾಜಿನ ಒಳಮೈಗೆ ಹುಳಿಗೆ ಸ್ಪಂದಿಸುವ ಹೊಳಪಿನ ಹಾಳೆಯನ್ನು ಅಂಟಿಸಿ, ಹೊರಗಿನಿಂದ ಕ್ಯಾಮೆರಾ ಇಡುತ್ತಾರೆ. ಬೇರು ಸಾಗಿದ ದಾರಿ ಚಿತ್ರದಲ್ಲಿ ಬೇರೆ ಬಣ್ಣದಲ್ಲಿ ಮೂಡುತ್ತದೆ. ಒಂದೆರಡು ಮಿಲಿಮೀಟರಿನೊಳಗೆ ಪಿಎಚ್ ಒಂದು ಮೆಟ್ಟಿಲಿಗಿಂತ ಹೆಚ್ಚು ಬದಲಾಗುವುದುಂಟು. ಅಮೋನಿಯಂ ರೂಪದ ಸಾರಜನಕವನ್ನು ಹೀರಿದರೆ ಬೇರು ಪ್ರೋಟಾನುಗಳನ್ನು ಹೊರಹಾಕಿ ಸುತ್ತಲಿನ ಮಣ್ಣನ್ನು ಹುಳಿಯಾಗಿಸುತ್ತದೆ. ನೈಟ್ರೇಟ್ ಹೀರಿದರೆ ಹುಳಿ ತಗ್ಗುತ್ತದೆ. ಒಂದೇ ಹೊಲ, ಒಂದೇ ಕಾರ್ಡು ಇದ್ದರೂ ಹಾಕಿದ ಗೊಬ್ಬರವನ್ನು ನೋಡಿ ಬೇರಿನ ಪಕ್ಕದ ರಸಸಾರ ಬೇರೆಯಾಗುತ್ತದೆ. ರಂಜಕ, ಕಬ್ಬಿಣ, ಸತು ಬೇರಿಗೆ ದಕ್ಕುವುದೂ ದಕ್ಕದಿರುವುದೂ ಆ ಒಂದೆರಡು ಮಿಲಿಮೀಟರಿನಲ್ಲೇ ತೀರ್ಮಾನವಾಗುತ್ತದೆ.

ಎಚ್ಚರದ ಮಾತು

ಈ ಚಿತ್ರಗಳು ಸುಂದರವಾಗಿವೆ ಎಂದ ಮಾತ್ರಕ್ಕೆ ಎಲ್ಲವೂ ನಿಜವಲ್ಲ. ಸಂವೇದಕವನ್ನು ಅದೇ ಕೋಶದೊಳಗೆ ಪರೀಕ್ಷಿಸಬೇಕು. ಅದಕ್ಕಾಗಿ ನೈಜೆರಿಸಿನ್ ಎಂಬ ವಸ್ತುವನ್ನು ಪೊಟ್ಯಾಸಿಯಂ ಹೆಚ್ಚಿರುವ ದ್ರಾವಣದಲ್ಲಿ ಬೆರೆಸಿ ಕೋಶಕ್ಕೆ ಕೊಡುತ್ತಾರೆ. ಆಗ ಕೋಶದ ಒಳಗಿನ ಪಿಎಚ್ ಹೊರಗಿನ ದ್ರಾವಣದಷ್ಟೇ ಆಗುತ್ತದೆ. ಗೊತ್ತಿರುವ ಹಲವು ಪಿಎಚ್‌ಗಳಲ್ಲಿ ಹೀಗೆ ಅನುಪಾತ ಅಳೆದು ಕೋಷ್ಟಕ ಮಾಡಿಕೊಂಡ ಮೇಲೆಯೇ ಬಣ್ಣವನ್ನು ಅಂಕಿಯಾಗಿ ಓದಬಹುದು. ಪ್ರಖರ ಬೆಳಕು ಬಣ್ಣವನ್ನು ಮಾಸಿಸುತ್ತದೆ, ಕೋಶಕ್ಕೂ ಪೆಟ್ಟು ಕೊಡುತ್ತದೆ. ಕಣ್ಣಿಗೆ ಕಾಣುವ ಬೆಳಕು ಅಂಗಾಂಶದೊಳಗೆ ಹೆಚ್ಚು ಆಳಕ್ಕೆ ಇಳಿಯದು. ಪಾರದರ್ಶಕ ಹುಳುವಿನಲ್ಲಿ ಸಾಧ್ಯವಾದದ್ದು ಮನುಷ್ಯನ ಯಕೃತ್ತಿನಲ್ಲಿ ಹಾಗೆಯೇ ಆಗುವುದಿಲ್ಲ. ಸಂವೇದಕ ಅತಿಯಾದರೆ ಪ್ರೋಟಾನುಗಳನ್ನು ತಾನೇ ಹಿಡಿದಿಟ್ಟು, ಅಳೆಯಬೇಕಾದದ್ದನ್ನೇ ಬದಲಿಸಿಬಿಡುತ್ತದೆ. ಒಳ್ಳೆಯ ಸಂಶೋಧಕರ ಪ್ರಬಂಧದಲ್ಲಿ ಚಿತ್ರಕ್ಕಿಂತ ಈ ಪರೀಕ್ಷೆಗಳ ವಿವರವೇ ಹೆಚ್ಚಿರುತ್ತದೆ. ಓದುವವರು ಮೊದಲು ನೋಡಬೇಕಾದದ್ದೂ ಅದನ್ನೇ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಾಲೇಜುಗಳ ಬಿಎಸ್ಸಿ ವಿದ್ಯಾರ್ಥಿಗಳಿಗೆ ಮತ್ತು ಅವರ ಅಧ್ಯಾಪಕರಿಗೆ ಒಂದು ಮಾತು. ಈ ಕ್ಷೇತ್ರಕ್ಕೆ ಕಾಲಿಡಲು ಕೋಟಿ ಬೆಲೆಯ ಸೂಕ್ಷ್ಮದರ್ಶಕವೇ ಬೇಕೆಂದಿಲ್ಲ. ಬ್ರೋಮೋಕ್ರೆಸಾಲ್ ಪರ್ಪಲ್ ಎಂಬ ಸೂಚಕವನ್ನು ತೆಳುವಾದ ಅಗಾರ್‌ನಲ್ಲಿ ಬೆರೆಸಿ, ಪಿಎಚ್ 6ರ ಆಸುಪಾಸಿಗೆ ಹೊಂದಿಸಿ, ಮೊಳಕೆ ಬಂದ ಅವರೆ ಅಥವಾ ಜೋಳದ ಬೇರನ್ನು ಅದರ ಮೇಲಿಡಿ. ಕೆಲವು ಗಂಟೆಗಳಲ್ಲಿ ಬೇರು ಆಮ್ಲ ಬಿಟ್ಟ ಕಡೆ ಹಳದಿ, ಕ್ಷಾರವಾದ ಕಡೆ ನೇರಳೆ ಮೂಡುತ್ತದೆ. ಒಂದು ತಟ್ಟೆಯ ಅಗಾರ್‌ಗೆ ಅಮೋನಿಯಂ ಸಲ್ಫೇಟ್, ಇನ್ನೊಂದಕ್ಕೆ ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿ ಎರಡನ್ನೂ ಹೋಲಿಸಿ. ಗಂಟೆಗೊಂದು ಫೋಟೊ ತೆಗೆದು, ತುದಿಯಿಂದ ಎಷ್ಟು ಮಿಲಿಮೀಟರ್ ದೂರದಲ್ಲಿ ಯಾವ ಬಣ್ಣವಿದೆ ಎಂದು ಬರೆದಿಡಿ. ಆ ಪುಟ ನೀವೇ ಅಳೆದು ಮಾಡಿದ ಹುಳಿಯ ನಕ್ಷೆಯಾಗುತ್ತದೆ. ಈ ವರ್ಷವೇ ಮಾಡಿ ನೋಡಿ.